ಹೋಟೆಲ್‌ಗಳ ರಾಷ್ಟ್ರೀಯ ಸಂಘ: ಚಂದಾ ಕಟ್ಟುವ ಮೊದಲು, ಕಟ್ಟಿದ ಮೇಲೆ

ಹೋಟೆಲ್ ನಡೆಸುವವರು ನಾಲ್ಕು ಮಂದಿ ಒಂದೆಡೆ ಸೇರಿದರೆ ಮಾತು ಮೊದಲು ಆನ್‌ಲೈನ್ ಕಮಿಷನ್‌ಗೆ ಬರುತ್ತದೆ, ಅಲ್ಲಿಂದ ತೆರಿಗೆಗೆ, ಕೊನೆಗೆ ‘ಅಲ್ರೀ, ನಮ್ಮ ಸಂಘ ಏನ್ ಮಾಡ್ತಿದೆ?’ ಅನ್ನುವಲ್ಲಿಗೆ. ಹಾಗೆ ಕೇಳುವವರಲ್ಲಿ ಹೆಚ್ಚಿನವರು ಸಂಘ ಕಳಿಸಿದ ಒಂದು ನಮೂನೆಯನ್ನೂ ತುಂಬಿಕೊಟ್ಟಿರುವುದಿಲ್ಲ. ಇದನ್ನು ಧೈರ್ಯವಾಗಿಯೇ ಹೇಳುತ್ತೇನೆ, ಯಾಕೆಂದರೆ ಬಹಳ ವರ್ಷ ನಾನೂ ಅದೇ ಗುಂಪಿನವನಾಗಿದ್ದೆ.

ಸಂಘ ನಡೆಯುವುದು ಸದಸ್ಯರು ಕೊಡುವ ದಾಖಲೆಯ ಮೇಲೆ. ಅದು ಸಿಗದಿದ್ದರೆ ಪದಾಧಿಕಾರಿಗಳು ಮಂತ್ರಿಗಳಿಗೆ ಹೂಗುಚ್ಛ ಕೊಟ್ಟು, ಫೋಟೊ ತೆಗೆಸಿಕೊಂಡು ಬರುತ್ತಾರೆ, ಅಷ್ಟೇ. ಸೇರಬೇಕೋ ಬೇಡವೋ ಎಂದು ತೂಗುತ್ತಿರುವವರಿಗೂ, ಸೇರಿ ಏನೂ ಪ್ರಯೋಜನ ಕಾಣದೆ ಕೂತವರಿಗೂ ಒಂದೊಂದೇ ಹೆಜ್ಜೆಯಾಗಿ ದಾರಿ ಹೇಳುವ ಪ್ರಯತ್ನ ಇದು. ಇಲ್ಲಿ ಹೋಟೆಲ್ ಅಂದರೆ ಕೋಣೆ ಬಾಡಿಗೆಗೆ ಕೊಡುವ ಹೋಟೆಲ್; ಲಾಡ್ಜ್ ಎಂದು ಓದಿಕೊಂಡರೂ ನಡೆಯುತ್ತದೆ.

ಮೊದಲು ತಕರಾರುಗಳನ್ನು ಮೂರು ಗುಡ್ಡೆ ಮಾಡಿ

ಅರ್ಜಿ ನಮೂನೆ ಕೈಗೆತ್ತಿಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು ಕಳೆದ ಒಂದು ವರ್ಷದಲ್ಲಿ ನಿಮ್ಮ ನಿದ್ದೆ ಕೆಡಿಸಿದ್ದನ್ನೆಲ್ಲ ಬರೆಯಿರಿ. ಬಿಸಿನೀರು ಬರದ ಮೂರನೇ ಮಹಡಿ. ಕೆಲಸ ಕಲಿಯುವಷ್ಟರಲ್ಲಿ ಬಿಟ್ಟುಹೋಗುವ ಹುಡುಗರು. ಕಸ ಎತ್ತುವುದಕ್ಕೆ ನಗರಾಡಳಿತ ಏರಿಸಿದ ಶುಲ್ಕ. ಒಂದೇ ಪರವಾನಗಿ ನವೀಕರಣಕ್ಕೆ ಅಲೆಯುವ ಹಲವು ಕಚೇರಿಗಳು. ಬುಕಿಂಗ್ ತಾಣದ ಕಮಿಷನ್. ಯಾವ ಪರವಾನಗಿಯೂ ಇಲ್ಲದೆ ದಿನದ ಬಾಡಿಗೆಗೆ ಹೋಗುವ ಪಕ್ಕದ ಫ್ಲ್ಯಾಟ್‌ಗಳು. ಕೋಣೆಯ ಟಿವಿಗೆ ಕೇಳುವ ಹಕ್ಕುಸ್ವಾಮ್ಯ ಶುಲ್ಕ.

ಈಗ ಇವನ್ನು ವಿಂಗಡಿಸಿ. ನೀವೇ ಸರಿಮಾಡಬೇಕಾದವು ಒಂದು ಕಡೆ; ಬಿಸಿನೀರಿಗೆ ಪ್ಲಂಬರ್ ಬೇಕು, ಸಂಘವಲ್ಲ. ಊರಿನ ಕಚೇರಿಯಲ್ಲೇ ಮುಗಿಯುವಂಥವು ಇನ್ನೊಂದು ಕಡೆ. ಅದಕ್ಕೆ ಸ್ಥಳೀಯ ಹೋಟೆಲ್ ಮಾಲೀಕರ ಸಂಘ ಸಾಕು. ದೇಶದ ಕಾನೂನಿನಿಂದ ಹುಟ್ಟಿದವು ಮತ್ತು ಒಂದೇ ಕಂಪನಿ ಎಲ್ಲ ಹೋಟೆಲ್‌ಗಳಿಗೂ ಒಂದೇ ಅಚ್ಚಿನಲ್ಲಿ ಕಳಿಸುವ ಕರಾರುಪತ್ರದಿಂದ ಹುಟ್ಟಿದವು ಮೂರನೆಯ ಗುಡ್ಡೆ. ಇವನ್ನು ಒಬ್ಬರೇ ಕೂತು ಬಗೆಹರಿಸಲು ಆಗುವುದಿಲ್ಲ. ರಾಷ್ಟ್ರೀಯ ಸಂಘ ಇರುವುದು ಇದಕ್ಕಾಗಿ. ಮೂರನೆಯ ಗುಡ್ಡೆ ಖಾಲಿಯಿದ್ದರೆ ಈ ವರ್ಷ ಚಂದಾ ಉಳಿಸಿ, ಆ ಹಣದಲ್ಲಿ ಗೀಸರ್ ಬದಲಿಸಿ.

ಸಂಘ ಯಾವುದು ಅಲ್ಲ ಅನ್ನುವುದು ತಿಳಿದಿರಲಿ

ಸಂಘ ಸರ್ಕಾರವಲ್ಲ. ಅದು ಪರವಾನಗಿ ಕೊಡುವುದಿಲ್ಲ, ರದ್ದು ಮಾಡುವುದೂ ಇಲ್ಲ. ನಿಮ್ಮ ಕೋಣೆಗೆ ಗಿರಾಕಿ ತಂದುಕೊಡುವ ಏಜೆಂಟೂ ಅಲ್ಲ. ಪಕ್ಕದ ಹೋಟೆಲಿನವರ ಜೊತೆಗಿನ ಪಾರ್ಕಿಂಗ್ ಜಗಳಕ್ಕೆ ಪಂಚಾಯಿತಿ ಕಟ್ಟೆಯೂ ಅಲ್ಲ.

ನಕ್ಷತ್ರದ ದರ್ಜೆ ಯಾರು ಕೊಡುತ್ತಾರೆ ಅನ್ನುವುದು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಅದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಕೆಲಸ. ಜರ್ಮನಿಯಲ್ಲಿ ಹೋಟೆಲ್–ರೆಸ್ಟೋರೆಂಟ್‌ಗಳ ರಾಷ್ಟ್ರೀಯ ಸಂಘವಾದ ಡೆಹೋಗಾ ತಾನೇ ದರ್ಜೆ ಕೊಡುತ್ತದೆ. ಯುರೋಪಿನ ಹಲವು ದೇಶಗಳು 2009ರಲ್ಲಿ ‘ಹೋಟೆಲ್‌ಸ್ಟಾರ್ಸ್ ಯೂನಿಯನ್’ ಕಟ್ಟಿಕೊಂಡು, ಒಂದೇ ಪಟ್ಟಿಯ ಮೇಲೆ ನಕ್ಷತ್ರ ಕೊಡತೊಡಗಿದವು. ನಿಮ್ಮ ದೇಶದಲ್ಲಿ ಈ ಕೆಲಸ ಸಂಘದ ಕೈಯಲ್ಲಿದ್ದರೆ ಸದಸ್ಯತ್ವದ ತೂಕವೇ ಬೇರೆ, ಆದ್ದರಿಂದ ಇದನ್ನು ಮೊದಲೇ ಕೇಳಿ.

ಇಂಥ ಸಂಘಗಳ ಮೂಲ ಉದ್ದೇಶ ಹಳೆಯ ಹೆಸರುಗಳಲ್ಲೇ ಇದೆ. ಅಮೆರಿಕದ ಸಂಘ 1910ರಲ್ಲಿ ಷಿಕಾಗೋದಲ್ಲಿ ಹುಟ್ಟಿದಾಗ ಅದರ ಹೆಸರು ‘ಅಮೆರಿಕನ್ ಹೋಟೆಲ್ ಪ್ರೊಟೆಕ್ಟಿವ್ ಅಸೋಸಿಯೇಷನ್’. ರಕ್ಷಣೆಯ ಸಂಘ! ಇವತ್ತು ಅದೇ ‘ಅಮೆರಿಕನ್ ಹೋಟೆಲ್ ಆ್ಯಂಡ್ ಲಾಡ್ಜಿಂಗ್ ಅಸೋಸಿಯೇಷನ್’.

ಸಂಘದ ಮನೆಯ ವಿನ್ಯಾಸವನ್ನೂ ನೋಡಿಕೊಳ್ಳಿ. ಭಾರತದ ಹೋಟೆಲ್–ರೆಸ್ಟೋರೆಂಟ್ ಸಂಘಗಳ ಒಕ್ಕೂಟದ ಕೆಳಗೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ನಾಲ್ಕು ಪ್ರಾದೇಶಿಕ ಸಂಘಗಳಿವೆ. ಯುರೋಪಿನ ರಾಷ್ಟ್ರೀಯ ಸಂಘಗಳು ಬ್ರಸೆಲ್ಸ್‌ನಲ್ಲಿ ‘ಹೊಟ್ರೆಕ್’ ಎಂಬ ಇನ್ನೊಂದು ಮಹಡಿ ಎಬ್ಬಿಸಿಕೊಂಡಿವೆ, ಏಕೆಂದರೆ ಅವರ ಅರ್ಧ ಕಾನೂನು ಬರುವುದೇ ಅಲ್ಲಿಂದ. ಬ್ರಿಟನ್ನಿನಲ್ಲಿ 2018ರಲ್ಲಿ ಎರಡು ಸಂಘಗಳು ಕೂಡಿ ‘ಯುಕೆ ಹಾಸ್ಪಿಟಾಲಿಟಿ’ ಆಯಿತು. ಅಲ್ಲಿ ಪಬ್ಬು, ರೆಸ್ಟೋರೆಂಟ್, ಹೋಟೆಲ್ ಎಲ್ಲ ಒಂದೇ ಸೂರಿನಡಿ. ಸೂರು ದೊಡ್ಡದಾದಷ್ಟೂ ಸರ್ಕಾರಕ್ಕೆ ದನಿ ಜೋರಾಗಿ ಕೇಳುತ್ತದೆ. ಆದರೆ ಆ ದನಿಯಲ್ಲಿ ಕೋಣೆ ಬಾಡಿಗೆಯವರ ಪಾಲು ಎಷ್ಟು ಎಂದು ವಿಚಾರಿಸುವುದು ನಿಮ್ಮ ಕೆಲಸ.

ಚಂದಾ ಕಟ್ಟುವ ಮೊದಲು ನಾಲ್ಕು ಕಾಗದ ಕೇಳಿ

ಸಂಘದ ಬೈಲಾ (ಅಂದರೆ ಒಳನಿಯಮ), ಕಳೆದ ವರ್ಷದ ಆಡಿಟ್ ಆದ ಲೆಕ್ಕಪತ್ರ, ಕಾರ್ಯಕಾರಿ ಸಮಿತಿಯ ಪಟ್ಟಿ, ಹನ್ನೆರಡು ತಿಂಗಳಲ್ಲಿ ಸರ್ಕಾರಕ್ಕೆ ಸಲ್ಲಿಸಿದ ಮನವಿಗಳು. ಇವನ್ನು ಕೊಡಲು ಮುಜುಗರಪಡುವ ಸಂಘಕ್ಕೆ ಚಂದಾ ಕೊಡಲು ನೀವೂ ಮುಜುಗರಪಡಿ.

ಬೈಲಾದಲ್ಲಿ ಮತದ ಕಲಮು ಹುಡುಕಿ. ಚಂದಾ ಸಾಮಾನ್ಯವಾಗಿ ಕೋಣೆಯ ಲೆಕ್ಕದ ಮೇಲೆ ಇರುತ್ತದೆ. ಮತವೂ ಕೋಣೆಯ ಲೆಕ್ಕದ ಮೇಲೇ ಇದ್ದರೆ ಸರಣಿ ಹೋಟೆಲ್‌ಗಳ ಎದುರು ನಿಮ್ಮ ಇಪ್ಪತ್ತು ಕೋಣೆಯ ಕೈ ಕಾಣಿಸುವುದೇ ಇಲ್ಲ. ಸಮಿತಿಯ ಪಟ್ಟಿಯಲ್ಲಿ ಸ್ವಂತ ಹೆಸರಿನಲ್ಲಿ ನಡೆಸುವವರು ಎಷ್ಟು ಮಂದಿ, ಬ್ರ್ಯಾಂಡ್‌ಗಳ ಪ್ರತಿನಿಧಿಗಳು ಎಷ್ಟು ಎಂದು ಎಣಿಸಿ. ತೆರಿಗೆ ವಿಷಯದಲ್ಲಿ ಇಬ್ಬರ ಹಿತವೂ ಒಂದೇ. ಬ್ರ್ಯಾಂಡ್ ಕೇಳುವ ಶುಲ್ಕದ ವಿಷಯ ಬಂದರೆ ಇಬ್ಬರೂ ಮೇಜಿನ ಎದುರುಬದುರು ಕೂರುವವರು. ಅಮೆರಿಕದಲ್ಲಿ ಭಾರತೀಯ ಮೂಲದ ಮಾಲೀಕರು 1989ರಲ್ಲಿ ತಮ್ಮದೇ ಬೇರೆ ಸಂಘ ಕಟ್ಟಿಕೊಂಡರು. ಫ್ರ್ಯಾಂಚೈಸಿ ಕರಾರು, ಅಂದರೆ ಬ್ರ್ಯಾಂಡಿನ ಹೆಸರು ಬಳಸಲು ಅದರ ಜೊತೆ ಮಾಡಿಕೊಳ್ಳುವ ಒಪ್ಪಂದ, ಹೇಗಿದ್ದರೆ ನ್ಯಾಯ ಅನ್ನುವುದಕ್ಕೆ ಅವರು ಮುಂದೆ ಹನ್ನೆರಡು ಅಂಶಗಳ ಪಟ್ಟಿಯನ್ನೇ ಮಾಡಿದರು. ಎಲ್ಲರೂ ಇರುವ ಸಂಘ ಅಂಥ ಪಟ್ಟಿಯನ್ನು ಅಷ್ಟು ಸುಲಭವಾಗಿ ಮಾಡಲಾರದು.

ಲೆಕ್ಕಪತ್ರದಲ್ಲಿ ಆದಾಯದ ಪುಟ ನೋಡಿ. ಚಂದಾಕ್ಕಿಂತ ವಸ್ತುಪ್ರದರ್ಶನ, ಪ್ರಾಯೋಜಕತ್ವದ ಹಣವೇ ಹೆಚ್ಚಿದ್ದರೆ ಅದು ಯಾರ ಹಣ ಎಂದು ಕೇಳಿ. ವಾರ್ಷಿಕ ಸಮ್ಮೇಳನದ ವೇದಿಕೆಗೆ ಬುಕಿಂಗ್ ತಾಣವೊಂದು ಹಣ ಹಾಕಿದ್ದರೆ, ಅದೇ ವೇದಿಕೆಯಿಂದ ಕಮಿಷನ್ ವಿರುದ್ಧ ಗಟ್ಟಿ ಮಾತು ಬರುವುದು ಕಷ್ಟ. ಅದರಿಂದಲೇ ಸಂಘ ಕೆಟ್ಟಿದೆ ಎನ್ನಲಾಗದು. ಪ್ರಶ್ನೆ ಕೇಳಿದಾಗ ಬರುವ ಉತ್ತರ ನೇರವಾಗಿದೆಯೇ ನೋಡಿಕೊಂಡರೆ ಸಾಕು.

ಸೇರಿದ ಮೊದಲ ತಿಂಗಳು

ನಿಮ್ಮ ಹೋಟೆಲಿನಿಂದ ಒಬ್ಬರ ಹೆಸರು, ಒಂದು ಇಮೇಲ್ ಕೊಡಿ, ಅದನ್ನು ದಿನಾ ತೆರೆಯುವವರದೇ ಕೊಡಿ. ಮಾಲೀಕರ ಹಳೆಯ ಇಮೇಲ್‌ಗೆ ಹೋಗಿ ಬಿದ್ದ ಸುತ್ತೋಲೆಗಳಿಂದ ಯಾರಿಗೂ ಉಪಯೋಗವಿಲ್ಲ. ತೆರಿಗೆ, ಕಾರ್ಮಿಕ ವಿಷಯ, ಆನ್‌ಲೈನ್ ಮಾರಾಟ ಎಂದು ಉಪಸಮಿತಿಗಳಿರುತ್ತವೆ. ನಿಮ್ಮ ಮೂರನೆಯ ಗುಡ್ಡೆಯ ಮೇಲಿರುವ ವಿಷಯದ ಒಂದನ್ನು ಮಾತ್ರ ಆರಿಸಿಕೊಳ್ಳಿ. ಅಧ್ಯಕ್ಷರು ಬದಲಾಗುತ್ತಿರುತ್ತಾರೆ, ಕಚೇರಿಯ ಕಾರ್ಯದರ್ಶಿ ಇರುತ್ತಾರೆ. ಪರಿಚಯ ಬೆಳೆಸಬೇಕಾದ್ದು ಅವರ ಜೊತೆ.

ನಮೂನೆ ತುಂಬುವ ಕೆಲಸ

ಸಂಘ ಆಗಾಗ ಅಂಕಿಅಂಶದ ನಮೂನೆ ಕಳಿಸುತ್ತದೆ: ಎಷ್ಟು ಕೋಣೆ, ಎಷ್ಟು ತುಂಬಿದವು, ಸರಾಸರಿ ದರ, ಸಿಬ್ಬಂದಿ, ವಿದ್ಯುತ್ ಖರ್ಚು. ಎಲ್ಲರಿಗೂ ಬೇಸರದ ಕೆಲಸ. ಆದರೆ ‘ಈ ತೆರಿಗೆಯಿಂದ ಸಣ್ಣ ಹೋಟೆಲ್‌ಗಳಿಗೆ ಪೆಟ್ಟು’ ಎಂದು ಹಣಕಾಸು ಇಲಾಖೆಯ ಅಧಿಕಾರಿಗೆ ಹೇಳಿದರೆ ಆತ ಮೊದಲು ಕೇಳುವುದು ‘ಎಷ್ಟು ಪೆಟ್ಟು?’ ಎಂದು. ಉತ್ತರ ಈ ನಮೂನೆಯಿಂದಲೇ ಬರಬೇಕು.

ತುಂಬುವಾಗ ಒಂದು ಕಡೆ ಎಲ್ಲರೂ ಎಡವುತ್ತಾರೆ. ನಿಮ್ಮಲ್ಲಿ 40 ಕೋಣೆಗಳಿವೆ, ಮೂರು ರಿಪೇರಿಗೆ ತಿಂಗಳಿಡೀ ಮುಚ್ಚಿವೆ ಅಂದುಕೊಳ್ಳಿ. ತಿಂಗಳಿಗೆ 30 ದಿನ. ಮಾರಿದ್ದು 740 ಕೋಣೆ-ರಾತ್ರಿ (ಒಂದು ಕೋಣೆ ಒಂದು ರಾತ್ರಿಗೆ ಹೋದರೆ ಒಂದು ಲೆಕ್ಕ). ಎಲ್ಲ 40 ಕೋಣೆ ಲೆಕ್ಕ ಹಿಡಿದರೆ ಇದ್ದದ್ದು 1,200. ತುಂಬಿದ ಪ್ರಮಾಣ 61.7 ಪ್ರತಿಶತ. ಮುಚ್ಚಿದ ಮೂರನ್ನು ಬಿಟ್ಟು 37ಕ್ಕೆ ಲೆಕ್ಕ ಹಾಕಿದರೆ ಇದ್ದದ್ದು 1,110, ಪ್ರಮಾಣ 66.7. ಒಂದೇ ಹೋಟೆಲ್, ಒಂದೇ ತಿಂಗಳು, ಐದು ಅಂಕದ ವ್ಯತ್ಯಾಸ. ಸಾವಿರ ಹೋಟೆಲಿನವರು ತಮತಮಗೆ ತೋಚಿದಂತೆ ತುಂಬಿದರೆ ಬರುವ ಮೊತ್ತ ಯಾತಕ್ಕೂ ಬಾರದು. ನಮೂನೆಯ ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿ ಇರುತ್ತದೆ. ಅದನ್ನು ಓದಿ, ಅದು ಹೇಳಿದ ಹಾಗೇ ಹಾಕಿ, ಪ್ರತಿ ತಿಂಗಳೂ ಅದೇ ರೀತಿ ಹಾಕಿ.

ಈ ಗೊಂದಲ ಹೊಸದೇನಲ್ಲ. ಒಂದೊಂದು ಹೋಟೆಲ್ ಒಂದೊಂದು ಬಗೆಯಲ್ಲಿ ಲೆಕ್ಕ ಬರೆಯುತ್ತಿದ್ದುದನ್ನು ನೋಡಿ ನ್ಯೂಯಾರ್ಕ್ ನಗರದ ಹೋಟೆಲ್ ಸಂಘ 1926ರಲ್ಲಿ ಏಕರೂಪದ ಲೆಕ್ಕಪದ್ಧತಿಯೊಂದನ್ನು ಹೊರತಂದಿತು. ಪರಿಷ್ಕರಣೆ ಆಗುತ್ತಾ ಅದು ಇವತ್ತಿಗೂ ಜಗತ್ತಿನಾದ್ಯಂತ ಹೋಟೆಲ್‌ಗಳಲ್ಲಿ ಬಳಕೆಯಲ್ಲಿದೆ. ಕೋಣೆಯ ಆದಾಯ ಬೇರೆ, ಊಟ–ಪಾನೀಯದ್ದು ಬೇರೆ ಎಂದು ಇವತ್ತು ನಾವು ತೋರಿಸುವ ರೀತಿಯ ಬೇರು ಅಲ್ಲಿದೆ. ಸಂಘವೊಂದರ ಕೆಲಸ ಇಷ್ಟು ದೀರ್ಘ ಕಾಲ ಬಾಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ದೂರು ಬರೆಯುವುದು: ಒಂದೇ ಪುಟ

ನಾನು ಸಂಘಕ್ಕೆ ಬರೆದ ಮೊದಲ ಪತ್ರ ಮೂರು ಪುಟದ್ದು. ‘ಅನ್ಯಾಯ’ ಎಂಬ ಪದ ಪುಟಪುಟದಲ್ಲೂ ಇತ್ತು. ಎಷ್ಟು ಬುಕಿಂಗ್, ಎಷ್ಟು ಹಣ ಎಂಬುದು ಎಲ್ಲೂ ಇರಲಿಲ್ಲ. ‘ನಿಮ್ಮ ಪತ್ರ ತಲುಪಿದೆ’ ಎಂದು ಎರಡು ಸಾಲಿನ ಉತ್ತರ ಬಂತು. ಸಿಟ್ಟು ಬಂದದ್ದು ನಿಜ. ಮುಂದಿನ ವರ್ಷ ಅದೇ ವಿಷಯಕ್ಕೆ ಒಂದು ಪುಟ, ಅದರ ಹಿಂದೆ ಒಂದು ಪಟ್ಟಿ ಕಳಿಸಿದೆ. ಮಾರನೇ ದಿನವೇ ಕಾರ್ಯದರ್ಶಿ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇಂಥ ಪಟ್ಟಿ ಇನ್ನೂ ಎಷ್ಟು ಹೋಟೆಲಿನಿಂದ ತರಿಸಿಕೊಡ್ತೀರಿ ಸರ್?’

ಆ ಪುಟ ಹೇಗಿರಬೇಕು ಅನ್ನುವುದಕ್ಕೆ ಒಂದು ಮಾದರಿ. ಅಂಕಿಗಳು ಬರೀ ಉದಾಹರಣೆಗೆ:

‘ವಿಷಯ: ರದ್ದಾದ ಬುಕಿಂಗ್‌ಗಳಿಗೂ ಕಮಿಷನ್ ಕಡಿತ. ನಮ್ಮದು 40 ಕೋಣೆಗಳ ಹೋಟೆಲ್. ಏಪ್ರಿಲ್‌ನಿಂದ ಜೂನ್‌ವರೆಗೆ ಈ ತಾಣದಿಂದ 212 ಬುಕಿಂಗ್ ಬಂದವು. 19 ರದ್ದಾದವು. ಅದರಲ್ಲಿ 11ಕ್ಕೆ ಹಣ ನಮ್ಮ ಕೈಗೆ ಬಾರದಿದ್ದರೂ ಕಮಿಷನ್ ಕಡಿತವಾಗಿದೆ. ಕರಾರಿನ ಸಂಬಂಧಪಟ್ಟ ಕಲಮಿನ ಪ್ರತಿ ಮತ್ತು 11 ಬುಕಿಂಗ್‌ಗಳ ಪಟ್ಟಿ ಲಗತ್ತಿಸಿದೆ. ಎರಡು ಸಲ ಕಂಪನಿಗೆ ಬರೆದ ಇಮೇಲ್‌ಗಳೂ ಇವೆ. ಬೇರೆ ಸದಸ್ಯರಿಗೂ ಹೀಗಾಗಿದೆಯೇ ಎಂದು ಸುತ್ತೋಲೆ ಮೂಲಕ ವಿಚಾರಿಸಬೇಕೆಂದು ಕೋರಿಕೆ.’

ಕೊನೆಯ ಸಾಲು ಗಮನಿಸಿ. ‘ನ್ಯಾಯ ಕೊಡಿಸಿ’ ಎಂದು ಕೇಳಿಲ್ಲ. ಸಂಘ ನಾಳೆ ಬೆಳಿಗ್ಗೆಯೇ ಮಾಡಬಹುದಾದ ಒಂದು ಕೆಲಸ ಕೇಳಿದೆ. ಪಟ್ಟಿ ಕಳಿಸುವ ಮೊದಲು ಅತಿಥಿಗಳ ಹೆಸರು, ಫೋನ್ ನಂಬರ್ ಅಳಿಸಿ. ಬುಕಿಂಗ್ ಸಂಖ್ಯೆ ಸಾಕು.

ಸಂಘದ ಗಡಿಯಾರ ನಿಧಾನ

ಇಲ್ಲಿಂದ ಮುಂದೆ ತಾಳ್ಮೆ ಬೇಕು. ‘ನಿಮ್ಮ ಸ್ವಂತ ವೆಬ್‌ಸೈಟಿನಲ್ಲೂ ನಮ್ಮಲ್ಲಿರುವುದಕ್ಕಿಂತ ಕಡಿಮೆ ದರ ಹಾಕಬಾರದು’ ಎಂದು ಬುಕಿಂಗ್ ತಾಣಗಳು ಹಾಕುವ ಷರತ್ತನ್ನೇ ತೆಗೆದುಕೊಳ್ಳಿ. ಜರ್ಮನಿಯಲ್ಲಿ ಹೋಟೆಲ್ ಸಂಘ ಇದರ ವಿರುದ್ಧ ಬೆನ್ನುಹತ್ತಿತು. ವ್ಯಾಪಾರದಲ್ಲಿ ಪೈಪೋಟಿ ಕೆಡದಂತೆ ಕಾಯುವ ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2013ರ ಡಿಸೆಂಬರ್‌ನಲ್ಲಿ ಎಚ್‌ಆರ್‌ಎಸ್ ತಾಣದ ಷರತ್ತನ್ನು, 2015ರ ಡಿಸೆಂಬರ್‌ನಲ್ಲಿ ಬುಕಿಂಗ್ ಡಾಟ್ ಕಾಮ್‌ನದನ್ನು ನಿಷೇಧಿಸಿತು. 2019ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ತೀರ್ಪು ತಿರುಗಿತು, 2021ರಲ್ಲಿ ಮೇಲಿನ ನ್ಯಾಯಾಲಯ ಮತ್ತೆ ನಿಷೇಧವನ್ನೇ ಎತ್ತಿಹಿಡಿಯಿತು. 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವೂ, ತಾಣದ ವ್ಯವಹಾರ ನಡೆಯಲು ಇಂಥ ಷರತ್ತು ಅನಿವಾರ್ಯವೇನಲ್ಲ ಎಂದಿತು. ಅದಾದ ಮೇಲೆ ಹೊಟ್ರೆಕ್ ಮತ್ತು ರಾಷ್ಟ್ರೀಯ ಸಂಘಗಳ ಬೆಂಬಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೋಟೆಲ್‌ಗಳು 2004ರಿಂದ 2024ರವರೆಗಿನ ನಷ್ಟ ಕೇಳಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಾಮೂಹಿಕ ದಾವೆಗೆ ಹೆಸರು ಕೊಟ್ಟವು. ಇಪ್ಪತ್ತು ವರ್ಷದ ಕಮಿಷನ್ ಲೆಕ್ಕ! ಹಳೆಯ ಇನ್‌ವಾಯ್ಸ್‌ಗಳನ್ನು ರದ್ದಿಗೆ ಹಾಕಿದವರು ಏನು ಮಾಡಿದರೋ. ಹಾಗಾಗಿ ಕಮಿಷನ್ ಬಿಲ್ಲುಗಳನ್ನು ವರ್ಷವಾರು ಒಂದು ಕಡೆ ಉಳಿಸಿಡುವ ಅಭ್ಯಾಸ ಇಂದೇ ಮಾಡಿಕೊಳ್ಳಿ.

ಭಾರತದಲ್ಲಿ ಬುಕಿಂಗ್ ತಾಣಗಳ ಇಂಥ ಷರತ್ತುಗಳ ವಿರುದ್ಧ ಹೋಟೆಲ್‌ಗಳ ಒಕ್ಕೂಟ ಕೊಟ್ಟ ದೂರಿನ ಮೇಲೆ ಸ್ಪರ್ಧಾ ಆಯೋಗ 2019ರಲ್ಲಿ ತನಿಖೆಗೆ ಆದೇಶಿಸಿತು. 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊಗೆ 223.48 ಕೋಟಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ಬಿತ್ತು. ಆಮೇಲೆ ಮೇಲ್ಮನವಿ. ಇದೇ ಒಕ್ಕೂಟ ಇನ್ನೊಂದು ಕಡೆ ಸೋತದ್ದೂ ಇದೆ: ಬಿಲ್ಲಿಗೆ ಸೇವಾಶುಲ್ಕವನ್ನು ತಾನಾಗಿ ಸೇರಿಸಬಾರದು ಎಂಬ 2022ರ ಮಾರ್ಗಸೂಚಿಯನ್ನು ಅದು ರೆಸ್ಟೋರೆಂಟ್‌ಗಳ ಸಂಘದಂತೆಯೇ ಪ್ರಶ್ನಿಸಿತ್ತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಎರಡೂ ಅರ್ಜಿಗಳನ್ನು ವಜಾ ಮಾಡಿ, ತಲಾ ಒಂದು ಲಕ್ಷ ರೂಪಾಯಿ ವೆಚ್ಚವನ್ನೂ ಹೇರಿತು. ಸಂಘ ಹಿಡಿದ ಎಲ್ಲ ಪಟ್ಟೂ ಸರಿಯೇ ಇರಬೇಕೆಂದಿಲ್ಲ. ಗ್ರಾಹಕರಿಗೆ ಕಿರಿಕಿರಿಯಾಗುವ ವಿಷಯಕ್ಕೆ ಚಂದಾ ಹಣ ಸುರಿಯುತ್ತಿದ್ದರೆ ಮಹಾಸಭೆಯಲ್ಲಿ ಎದ್ದುನಿಂತು ಹೇಳುವ ಹಕ್ಕು ನಿಮಗಿದೆ.

ಕರಡು ನಿಯಮ ಬಂದಾಗ

ಸರ್ಕಾರ ಕರಡು ಪ್ರಕಟಿಸಿ ಆಕ್ಷೇಪಣೆಗೆ ಕೊಡುವ ಸಮಯ ಕಡಿಮೆ. ಸಂಘದಿಂದ ಸುತ್ತೋಲೆ ಬಂದ ದಿನವೇ ಎರಡು ವಿಷಯ ಬರೆದು ಕಳಿಸಿ: ಈ ನಿಯಮ ಪಾಲಿಸಲು ಒಂದು ಕೋಣೆಗೆ ಎಷ್ಟು ಖರ್ಚು ಬೀಳುತ್ತದೆ, ಮತ್ತು ಯಾವ ಪದ ಬದಲಿಸಿದರೆ ಪಾಲಿಸಲು ಆಗುತ್ತದೆ. ‘ಪ್ರತಿ ಮಹಡಿಯಲ್ಲೂ’ ಎಂಬುದನ್ನು ‘ಮೂರಕ್ಕಿಂತ ಹೆಚ್ಚು ಮಹಡಿಗಳಿರುವ ಕಟ್ಟಡದಲ್ಲಿ’ ಎಂದು ಮಾಡಿ ಎನ್ನುವುದು ಅಧಿಕಾರಿಗೆ ಉಪಯೋಗಕ್ಕೆ ಬರುವ ಮಾತು. ‘ನಿಯಮ ಕೈಬಿಡಿ’ ಅನ್ನುವುದು ಕಡತಕ್ಕೆ ಹೋಗಿ ಮಲಗುವ ಮಾತು.

ಸಭೆಯಲ್ಲಿ ಆಡಬಾರದ ಮಾತು

ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಒಂದೇ ವ್ಯಾಪಾರದವರು ಒಂದು ಕೋಣೆಯಲ್ಲಿ ಕೂತು ‘ಹಬ್ಬದ ವಾರ ಯಾರೂ ಇಷ್ಟಕ್ಕಿಂತ ಕೆಳಗೆ ಕೊಡೋದು ಬೇಡ’ ಎಂದರೆ ಅದು ಹೆಚ್ಚಿನ ದೇಶಗಳಲ್ಲಿ ಕಾನೂನಿನ ಪ್ರಕಾರ ಕೂಟಸಂಚು, ಅಂದರೆ ಪೈಪೋಟಿ ತಪ್ಪಿಸಲು ಒಳಗೊಳಗೇ ಕೈಜೋಡಿಸುವ ಅಪರಾಧ. ಒಪ್ಪಂದವನ್ನೇ ಮಾಡಿಕೊಳ್ಳಬೇಕೆಂದೂ ಇಲ್ಲ. ಪ್ಯಾರಿಸ್ಸಿನ ಆರು ಐಷಾರಾಮಿ ಹೋಟೆಲ್‌ಗಳು ಕೋಣೆ ತುಂಬಿದ ಪ್ರಮಾಣ, ಸರಾಸರಿ ದರದಂಥ ಗುಟ್ಟಿನ ಅಂಕಿಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದವು. ಫ್ರಾನ್ಸಿನ ಸ್ಪರ್ಧಾ ಮಂಡಳಿ 2005ರ ನವೆಂಬರ್‌ನಲ್ಲಿ ಅವಕ್ಕೆ ಒಟ್ಟು 7,09,000 ಯೂರೊ ದಂಡ ಹಾಕಿತು.

ಹಾಗಾದರೆ ಸಂಘಕ್ಕೆ ನಮೂನೆಯಲ್ಲಿ ದರ ತುಂಬಿ ಕೊಡುವುದು? ಅದನ್ನು ಸಂಘದ ಕಚೇರಿ ಒಟ್ಟುಗೂಡಿಸಿ, ಯಾವ ಹೋಟೆಲಿನದೆಂದು ಗುರುತು ಸಿಗದ ಹಾಗೆ, ಹಳೆಯ ಅವಧಿಗೆ ಪ್ರಕಟಿಸಬೇಕು. ನಿಮ್ಮ ಪ್ರದೇಶದಲ್ಲಿ ಮೂರೇ ಸದಸ್ಯರಿದ್ದು ಮೂವರ ಸರಾಸರಿ ಪ್ರಕಟವಾಗುತ್ತಿದ್ದರೆ ಕೊಡಬೇಡಿ. ಎಲ್ಲರಿಗೂ ಎಲ್ಲರದೂ ತಿಳಿಯುತ್ತದೆ. ಸಭೆಯಲ್ಲಿ ಯಾರಾದರೂ ಮುಂದಿನ ತಿಂಗಳ ದರದ ಮಾತೆತ್ತಿದರೆ ‘ಈ ವಿಷಯ ಇಲ್ಲಿ ಬೇಡ’ ಎಂದು ಹೇಳಿ, ಹಾಗೆ ಹೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಮಾತು ನಿಲ್ಲದಿದ್ದರೆ ಎದ್ದು ಹೊರಗೆ ಬನ್ನಿ, ಹೊರಬಂದ ಸಮಯವನ್ನೂ ಬರೆಸಿ. ಊಟದ ವಿರಾಮದಲ್ಲಿ ಆಡಿದ ಮಾತಿಗೂ ಇದೇ ನಿಯಮ.

ಉಳಿದ ಸೌಲಭ್ಯಗಳು

ತರಬೇತಿ, ಕಾನೂನು ಸಲಹೆಯ ಫೋನ್, ವಿಮೆಯಲ್ಲಿ ರಿಯಾಯಿತಿ, ಸಂಗೀತದ ಹಕ್ಕುಸ್ವಾಮ್ಯ ಸಂಸ್ಥೆಗಳ ಜೊತೆ ಒಟ್ಟಾಗಿ ಕುದುರಿಸಿದ ದರ: ಇವೆಲ್ಲ ಇದ್ದರೆ ಒಳ್ಳೆಯದೇ, ಬಳಸಿಕೊಳ್ಳಿ. ಸುರಕ್ಷತೆಯ ವಿಷಯದಲ್ಲಿ ಮಾತ್ರ ಸಂಘ ಕಾನೂನಿಗಿಂತ ಮುಂದೆ ಹೋಗಬಲ್ಲದು. ಕೋಣೆ ಸ್ವಚ್ಛಗೊಳಿಸಲು ಒಬ್ಬಂಟಿಯಾಗಿ ಹೋಗುವ ಮಹಿಳೆಯರ ಕೈಗೆ ತುರ್ತುಗುಂಡಿ ಕೊಡುತ್ತೇವೆ ಎಂದು 2018ರಲ್ಲಿ ಅಮೆರಿಕದ ಸಂಘ ದೊಡ್ಡ ಬ್ರ್ಯಾಂಡ್‌ಗಳನ್ನು ಒಟ್ಟುಗೂಡಿಸಿ ಘೋಷಿಸಿತು. ಕೆಲವು ನಗರಗಳು ಆಗಲೇ ಅದನ್ನು ಕಡ್ಡಾಯ ಮಾಡಿದ್ದವು, ಕಾರ್ಮಿಕ ಸಂಘಗಳ ಒತ್ತಡವೂ ಇತ್ತು. ಆದ್ದರಿಂದ ಪೂರ್ತಿ ಶ್ರೇಯ ಸಂಘಕ್ಕೆ ಕೊಡಲಾರೆ. ಗುಂಡಿ ಕೈಗೆ ಬಂತಲ್ಲ, ಅದು ಮುಖ್ಯ.

ನವೀಕರಣದ ಪತ್ರ ಬಂದಾಗ

ಮೊದಲ ದಿನ ಬರೆದ ಮೂರನೆಯ ಗುಡ್ಡೆಯ ಹಾಳೆ ಹೊರತೆಗೆಯಿರಿ. ಪ್ರತಿ ವಿಷಯದ ಎದುರು ಎರಡು ಕಾಲಂ ಮಾಡಿ: ನಾನು ಸಂಘಕ್ಕೆ ಏನು ಕಳಿಸಿದೆ, ಸಂಘ ಅದನ್ನು ಏನು ಮಾಡಿತು. ಮೊದಲ ಕಾಲಂ ಖಾಲಿಯಿದ್ದರೆ ಇನ್ನೊಂದು ವರ್ಷ ಚಂದಾ ಕಟ್ಟಿ, ಈ ಸಲ ಅದನ್ನು ತುಂಬಿ. ಮೊದಲನೆಯದು ತುಂಬಿ ಎರಡನೆಯದು ಖಾಲಿಯಿದ್ದರೆ ಆ ಹಾಳೆಯ ನಕಲನ್ನೇ ಕಾರ್ಯದರ್ಶಿಗೆ ಕಳಿಸಿ, ಹದಿನೈದು ದಿನದಲ್ಲಿ ಉತ್ತರ ಕೇಳಿ. ಉತ್ತರ ಬಂದ ಮೇಲೆ ಚೆಕ್ ಬರೆಯಿರಿ.